ನಿದ್ದೆ ಚೂರುಗಳ ಕೌದಿ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಏಳು ಹೊಳೆಗಳ ಆಚೆ, ಹೊನ್ನಹೊಳಲು ಎಂಬ ರಾಜ್ಯವೊಂದಿತ್ತು. ಅಲ್ಲಿ ಮಳೆ, ಬೆಳೆ, ಮದುವೆ, ಜಗಳ ಎಲ್ಲವೂ ನಮ್ಮಲ್ಲಿರುವ ಹಾಗೆಯೇ. ಒಂದು ಮಾತ್ರ ಬೇರೆ. ಅಲ್ಲಿ ನಿದ್ದೆ ಕಣ್ಣಿಗೆ ಕಾಣುತ್ತಿತ್ತು.

ಕತ್ತಲಾಗುತ್ತಲೇ ನಿದ್ದೆ ಬೆಳದಿಂಗಳ ಬಣ್ಣದ ಬಟ್ಟೆಯಾಗಿ ಸೂರಿನಿಂದ ಇಳಿದು ಬರುತ್ತಿತ್ತು. ಮಲಗಿದವರಿಗೆ ಕಾಲಿನಿಂದ ಕುತ್ತಿಗೆಯ ತನಕ ತಾನೇ ಹೊದಿಕೆಯಾಗುತ್ತಿತ್ತು. ಬೆಳಗಾದ ಮೇಲೆ ತಾನೇ ಮಡಚಿಕೊಂಡು ಹೋಗುತ್ತಿತ್ತು. ದುಡಿಯುವವರ ನಿದ್ದೆ ಕಂಬಳಿಯ ಹಾಗೆ ದಪ್ಪ, ಮುದುಕರದು ಅಲ್ಲಲ್ಲಿ ತೂತು, ಮಕ್ಕಳದು ಬಲು ನವಿರು. ನಡುವೆ ಯಾರನ್ನಾದರೂ ಎಬ್ಬಿಸಿದಿರೋ, ಬಟ್ಟೆ ಪರ್ರನೆ ಹರಿಯುತ್ತಿತ್ತು.

ಆ ರಾಜ್ಯದ ಹೊಳೆಯ ದಂಡೆಯಲ್ಲಿ ಸೋವಣ ಎಂಬ ಯುವಕನಿದ್ದ. ಹರಿಗೋಲಿನಲ್ಲಿ ಜನರನ್ನು ದಡ ದಾಟಿಸುವುದು ಅವನ ಕಸುಬು. ತಂದೆ ತಾಯಿ ತೀರಿಹೋಗಿದ್ದರು. ಇದ್ದವಳು ಒಬ್ಬಳೇ ತಂಗಿ, ನಾಗಲೆ. ಏಳು ವರ್ಷದ ಆ ಹುಡುಗಿ ಮಾತಿನ ಮಲ್ಲಿ; ಮರ ಹತ್ತುವುದರಲ್ಲಂತೂ ಕೋತಿಗೆ ಪಾಠ ಹೇಳಿಕೊಡುವವಳು. ಕೋತಿಗೂ ಒಮ್ಮೊಮ್ಮೆ ಕೈ ತಪ್ಪುತ್ತದೆಯಲ್ಲ, ಹಾಗೆ ಒಂದು ದಿನ ಹುಣಸೆಮರದಿಂದ ಜಾರಿ ಬಿದ್ದಳು. ಕಾಲಿನ ಮೂಳೆ ಮುರಿಯಿತು. ಗಾಯ ಕೀವು ಕಟ್ಟಿ ಜ್ವರ ಏರಿತು.

ಸೋವಣ ತಂಗಿಯನ್ನು ಹರಿಗೋಲಿನಲ್ಲಿ ಮಲಗಿಸಿಕೊಂಡು ರಾಜಧಾನಿಗೆ ಹೊರಟ. ಅಲ್ಲಿ ಕಾಯಿಲೆಯ ಮಕ್ಕಳಿಗಾಗಿ ರಾಣಿ ಕಂಚಲದೇವಿ ಕಟ್ಟಿಸಿದ ಆರೈಕೆಮನೆ ಇತ್ತು. ಯಾರ ಮಗುವಾದರೂ ಸರಿ, ಬಾಗಿಲಲ್ಲಿ ಯಾರೂ ಜಾತಿ ಕೇಳುತ್ತಿರಲಿಲ್ಲ, ಕಾಸು ಕೇಳುತ್ತಿರಲಿಲ್ಲ. ವೈದ್ಯ ನಂಜರಸ ನಾಗಲೆಯ ಮೂಳೆ ಕೂಡಿಸಿದ, ಗಾಯ ತೊಳೆದ, ಸೊಪ್ಪು ಅರೆದು ಕಟ್ಟಿದ. ಹಗುರ ಕೈಯ ಮನುಷ್ಯ. ನಾಗಲೆ ಅತ್ತಾಗ ಅವನ ಕಣ್ಣೂ ಒದ್ದೆಯಾಯಿತು.

"ನನ್ನ ಕೈಲಾಗೋದೆಲ್ಲ ಮಾಡಿದೀನಪ್ಪ," ಎಂದ ಅವನು ಸೋವಣನಿಗೆ. "ಇನ್ನು ಉಳಿದಿರೋದು ಒಂದೇ ಮದ್ದು. ಈ ಮಗು ಒಂದು ರಾತ್ರಿ, ಒಂದೇ ಒಂದು ರಾತ್ರಿ, ಹರಿಯದ ನಿದ್ದೆ ಮಾಡಬೇಕು. ಮಾಡಿದ್ರೆ ಜ್ವರ ಇಳಿಯುತ್ತೆ, ಮೂಳೆ ಕೂಡುತ್ತೆ. ಮಾಡದಿದ್ರೆ..."

"ಮಾಡದಿದ್ರೆ ಏನು ಸ್ವಾಮಿ?"

ನಂಜರಸ ಕಣ್ಣು ತಪ್ಪಿಸಿದ. "ಈ ಮನೇಲಿ ಯಾವ ಮಗುವಿಗೂ ನಿದ್ದೆ ನಿಲ್ಲೋದಿಲ್ಲ. ಎಚ್ಚರದ ಗುಡ್ಡದ ಮೇಲೆ ತೇಪೆರಾಯ ಅಂತ ಒಬ್ಬ ಮಾಯಾವಿ ಇದಾನೆ. ಅವನೇ ಕದೀತಾನೆ ಅಂತ ಎಲ್ಲರೂ ಹೇಳ್ತಾರೆ."

ಎಲ್ಲರೂ ಹೇಳುತ್ತಿದ್ದರು, ನಿಜ. ಈಗ ಆ ಮನೆಯ ರಾತ್ರಿ ಹೇಗಿರುತ್ತಿತ್ತು ಎಂದು ಹೇಳುತ್ತೇನೆ, ಕೇಳಿ.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಅಮ್ಮಂದಿರನ್ನೆಲ್ಲ ಹೊರಗೆ ಕಳಿಸುತ್ತಿದ್ದರು. ಅವರು ಹೆಬ್ಬಾಗಿಲಿನ ಆಚೆ ಅರಳಿಕಟ್ಟೆಯ ಮೇಲೆ ಮುದುಡಿ ಕೂರುತ್ತಿದ್ದರು. ಒಳಗೆ ಪ್ರತಿ ಮಂಚದ ತಲೆದೆಸೆಗೂ ಒಂದೊಂದು ಪಂಜು ಉರಿಯುತ್ತಿತ್ತು. ಜಾವ ಜಾವಕ್ಕೂ ಕಂಚಿನ ಜಾಗಟೆ ಢಣ್ ಎನ್ನುತ್ತಿತ್ತು. ಕೂಡಲೇ ಕಾವಲಿನ ಹೆಂಗಸರು ಮಂಚದಿಂದ ಮಂಚಕ್ಕೆ ಬಂದು ಮಕ್ಕಳ ಭುಜ ಅಲುಗಿಸಿ, "ನಿನ್ನ ಹೆಸರೇನು ಕಂದಾ?" ಎಂದು ಕೇಳುತ್ತಿದ್ದರು. ಮಗು ಕಣ್ಣುಜ್ಜಿಕೊಂಡು ಹೆಸರು ಹೇಳಬೇಕು. ಹೇಳಿದರೆ ತಲೆ ಸವರಿ ಮುಂದೆ ಹೋಗುತ್ತಿದ್ದರು. ಮುಂದಿನ ಜಾವಕ್ಕೆ ಮತ್ತೆ ಢಣ್, ಮತ್ತೆ ಹೆಸರು.

ಇದು ಯಾರೋ ದುಷ್ಟರು ಮಾಡಿದ ಕಟ್ಟಳೆಯಲ್ಲ. ರಾಣಿ ಕಂಚಲದೇವಿಗೆ ಒಬ್ಬನೇ ಮಗನಿದ್ದ. ಕೆಲವು ವರ್ಷಗಳ ಹಿಂದೆ ಅವನಿಗೆ ಜ್ವರ ಬಂತು. ಒಂದು ರಾತ್ರಿ ಅವನು ಅಲುಗದೆ ಮಲಗಿದ್ದ. ಅಬ್ಬಾ, ಮಗು ಅಂತೂ ನಿದ್ದೆ ಮಾಡಿತು ಎಂದು ಅರಮನೆಯವರೆಲ್ಲ ಸಂತೋಷದಿಂದ ಕಾಲ ಬೆರಳ ಮೇಲೆ ನಡೆದಾಡಿದರು. ಬೆಳಗ್ಗೆ ನೋಡಿದರೆ ಅವನು ಹೋಗಿ ಬಹಳ ಹೊತ್ತಾಗಿತ್ತು. ಅಂದಿನಿಂದ ರಾಣಿ ಹೇಳಿದ್ದು ಒಂದೇ ಮಾತು: ನನ್ನ ರಾಜ್ಯದಲ್ಲಿ ಯಾವ ಕಾಯಿಲೆಯ ಮಗುವೂ ಯಾರಿಗೂ ತಿಳಿಯದೆ ಹೋಗಬಾರದು. ಅದಕ್ಕೇ ಜಾಗಟೆ, ಅದಕ್ಕೇ ಪಂಜು, ಅದಕ್ಕೇ ಹೆಸರು. ಪಾಪ, ತಾಯಿಯ ಕರುಳು. ಅದನ್ನು ತಪ್ಪು ಎನ್ನಲು ಯಾರಿಗೆ ಬಾಯಿ ಬಂದೀತು?

ಮೊದಲ ರಾತ್ರಿ ಸೋವಣ ಅರಳಿಕಟ್ಟೆಯಲ್ಲಿ ಕೂರಲಾರದೆ ಗೋಡೆ ಹತ್ತಿ ಕಿಟಕಿಯಲ್ಲಿ ಇಣುಕಿದ. ನಾಗಲೆಯ ಮೇಲೆ ನಿದ್ದೆ ಆಗ ತಾನೇ ಇಳಿಯುತ್ತಿತ್ತು. ಮೊಣಕಾಲಿಗೆ ಬಂತು, ಎದೆಗೆ ಬಂತು. ಢಣ್! ಕಾವಲಿನ ಹೆಂಗಸು ಬಂದಳು. "ನಿನ್ನ ಹೆಸರೇನು ಕಂದಾ?" ಪರ್ರನೆ ಬಟ್ಟೆ ಹರಿದು ಚೂರುಗಳು ಮಂಚದ ಕೆಳಗೆ ಬಿದ್ದವು. ಆಗ ಬಚ್ಚಲ ತೂಬಿನಿಂದ ಸಾಲಾಗಿ ಹೆಗ್ಗಣಗಳು ಹೊರಟವು. ಒಂದೊಂದೂ ನಾಯಿಯ ಗಾತ್ರ, ಒಂದೊಂದಕ್ಕೂ ಮನುಷ್ಯರ ಕಿವಿ, ಬೆನ್ನ ಮೇಲೊಂದು ಬುಟ್ಟಿ. ಚೂರುಗಳನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಬಂದ ದಾರಿಯಲ್ಲೇ ಹೊರಟುಹೋದವು.

"ಅಣ್ಣಾ," ಎಂದು ನಾಗಲೆ ಕಿಟಕಿಯತ್ತ ತಿರುಗಿ ನರಳಿದಳು. "ನಿದ್ದೆ ಬರುತ್ತೆ, ಆದ್ರೆ ಇರಲ್ಲ."

"ತರ್ತೀನಿ ಕೂಸೇ. ನಿನ್ನ ನಿದ್ದೆ ಎಲ್ಲಿದ್ರೂ ತರ್ತೀನಿ," ಎಂದ ಸೋವಣ. ಕಳ್ಳನನ್ನು ಕಂಡವನ ಕಣ್ಣಿಗೆ ಬಾಗಿಲು ತೆರೆದಿಟ್ಟವರು ಕಾಣುವುದಿಲ್ಲ. ಅವನು ಗೋಡೆಯಿಂದ ಧುಮುಕಿ, ಕೊನೆಯ ಹೆಗ್ಗಣದ ಬಾಲ ಹಿಡಿದುಕೊಂಡ. ಹೆಗ್ಗಣ ಅವನನ್ನು ಮುಳ್ಳು, ಕಲ್ಲು, ಹಳ್ಳ ಎನ್ನದೆ ದರದರ ಎಳೆದುಕೊಂಡು ಓಡಿ ಎಚ್ಚರದ ಗುಡ್ಡದ ಬುಡದಲ್ಲಿ ಬಿಸಾಡಿ, ಒಂದು ಬಿಲಕ್ಕೆ ನುಗ್ಗಿ ಮಾಯವಾಯಿತು.

ಆ ಗುಡ್ಡದ ಮೇಲೆ ಸೂರ್ಯ ಹುಟ್ಟುವುದಿಲ್ಲ. ಅಲ್ಲಿ ಯಾವಾಗಲೂ ರಾತ್ರಿ, ಆದರೆ ಯಾರಿಗೂ ನಿದ್ದೆಯಿಲ್ಲ. ಮೇಲೆ ಹೋಗುವ ದಾರಿಗೆ ಮೂರು ಬಾಗಿಲು.

ಮೊದಲ ಬಾಗಿಲಲ್ಲಿ ಒಂದು ಯಾಳಿ ಕೂತಿತ್ತು. ಸಿಂಹದ ಮೈ, ಆನೆಯ ಸೊಂಡಿಲು, ಕೆಂಡದ ಕಣ್ಣು. ಅದರ ಕಾಲ ಸಂದಿಯಲ್ಲಿ ಪುಟ್ಟ ಮರಿಯೊಂದು ಕಿರುಚಿ ಕಿರುಚಿ ಅಳುತ್ತಿತ್ತು.

"ನಿಲ್ಲೋ ಮನುಷ್ಯಾ," ಎಂದಿತು ಯಾಳಿ. "ನನ್ನ ಮರಿಯನ್ನ ಮಲಗಿಸಿದ್ರೆ ಒಳಗೆ ಬಿಡ್ತೀನಿ. ಇಲ್ಲದಿದ್ರೆ ನಿನ್ನ ಎಲುಬು ಚೀಪಿ ನಾನಾದ್ರೂ ಹೊತ್ತು ಕಳೀತೀನಿ."

ಸೋವಣ ಹಾಡಿದ. ಮರಿ ಅತ್ತಿತು. ಬೆನ್ನು ತಟ್ಟಿದ. ಇನ್ನೂ ಜೋರಾಗಿ ಅತ್ತಿತು. ಗಂಟಿನಲ್ಲಿದ್ದ ರೊಟ್ಟಿ ಕೊಟ್ಟ. ಮರಿ ರೊಟ್ಟಿಯನ್ನು ತಿಂದು ಅತ್ತಿತು. ಅವನು ಬೇಸತ್ತು ಅದರ ಪಕ್ಕದಲ್ಲೇ ಅಂಗಾತ ಮಲಗಿದ. ಆಗ ತಿಳಿಯಿತು: ಬಾಗಿಲ ಮೇಲಿನ ದೊಡ್ಡ ಪಂಜು ನೆಟ್ಟಗೆ ಕಣ್ಣಿಗೇ ಹೊಡೆಯುತ್ತಿತ್ತು. ಎದ್ದು ಆ ಪಂಜನ್ನು ಮಣ್ಣಿಗೆ ಒತ್ತಿ ಆರಿಸಿದ. ಕತ್ತಲಾಯಿತು. ಮರಿ ಎರಡು ಸಲ ಬಿಕ್ಕಿ ಸುಮ್ಮನಾಯಿತು. ಕತ್ತಲಲ್ಲಿ ಯಾಳಿಯ ಸೊಂಡಿಲು ಬಂದು ಅವನ ತಲೆ ಸವರಿತು.

ಎರಡನೆಯ ಬಾಗಿಲಿಗೆ ಮೊದಲು ಒಂದು ಕಂದಕ. ಕಂದಕದ ದಡದಲ್ಲಿ ಒಂದು ಹೆಣ್ಣು ಮೊಸಳೆ ಗೊಳೋ ಎಂದು ಅಳುತ್ತಿತ್ತು.

"ಏನಮ್ಮಾ ಅಳ್ತಿದೀಯ?" ಎಂದ ಸೋವಣ, ದೂರದಲ್ಲೇ ನಿಂತು.

"ನಂಬೋದಾದ್ರೆ ಹೇಳ್ತೀನಿ," ಎಂದಿತು ಮೊಸಳೆ. "ನಮ್ಮ ಜಾತಿಗೆ ಬಂದಿರೋ ಕೆಟ್ಟ ಹೆಸರು ನಿನಗೂ ಗೊತ್ತಲ್ಲ! ನಿಜವಾಗಿ ಅತ್ತರೂ ಒಬ್ಬರೂ ನಂಬಲ್ಲ ಕಣಪ್ಪಾ. ನನ್ನ ಮರಿಗಳು ಮೊಟ್ಟೆಯಿಂದ ಹೊರಗೆ ಬಂದ ಮೇಲೆ ಒಂದು ಕ್ಷಣ ಕಣ್ಣು ಮುಚ್ಚಿಲ್ಲ. ಮಲಗಿಸಿದ್ರೆ ದಾಟಿಸ್ತೀನಿ. ಇಲ್ಲದಿದ್ರೆ, ಬೇಜಾರು ಮಾಡ್ಕೋಬೇಡ, ತಿಂತೀನಿ."

ಈ ಸಲ ಸೋವಣ ಬುದ್ಧಿವಂತನಾಗಿದ್ದ. ಹಾಡಲಿಲ್ಲ, ತಟ್ಟಲಿಲ್ಲ. ಮರಿಗಳ ನಡುವೆ ತಾನೂ ಹೋಗಿ ಮಲಗಿದ. ಒಂದು ಮರಿ ಅವನ ಮೂಗು ಕಚ್ಚಿತು. ಆ ಮಾತು ಬಿಡಿ. ಮಲಗಿದವನಿಗೆ ಕೇಳಿಸಿತು: ಬಾಗಿಲ ಕಮಾನಿಗೆ ನೇತುಹಾಕಿದ್ದ ಗಂಟೆ ಗಾಳಿ ಬೀಸಿದಾಗಲೆಲ್ಲ ಢಣ್ ಎನ್ನುತ್ತಿತ್ತು. ಮರಿಗಳ ರೆಪ್ಪೆ ಕೂಡುವಷ್ಟರಲ್ಲಿ ಢಣ್. ಸೋವಣ ಕಮಾನು ಹತ್ತಿ, ತಲೆಯ ರುಮಾಲು ಬಿಚ್ಚಿ ಗಂಟೆಯ ನಾಲಿಗೆಗೆ ಸುತ್ತಿದ. ಗಾಳಿ ಬೀಸಿತು. ಗಂಟೆ ತೂಗಾಡಿತು, ಸದ್ದು ಬರಲಿಲ್ಲ. ಮರಿಗಳು ಒಂದರ ಮೇಲೊಂದು ಬಿದ್ದು ಮಲಗಿಬಿಟ್ಟವು. ಹೊಳೆಯಲ್ಲಿ ಊರ ಜನರನ್ನೆಲ್ಲ ದಾಟಿಸಿದವನನ್ನು ಅಂದು ಮೊಸಳೆ ಬೆನ್ನ ಮೇಲೆ ಕೂರಿಸಿಕೊಂಡು ದಾಟಿಸಿತು.

ಮೂರನೆಯ ಬಾಗಿಲಲ್ಲಿ ಪಂಜಿರಲಿಲ್ಲ, ಗಂಟೆಯಿರಲಿಲ್ಲ. ಬಾಗಿಲಿಗೇ ಒಂದು ಮುಖವಿತ್ತು, ಕಲ್ಲಿನ ಮುಖ. ಅದರ ಎದುರು ತಾಯಿಯಿಲ್ಲದ ಆನೆಮರಿಯೊಂದು ಒಂಟಿಯಾಗಿ ನಿಂತು ನಡುಗುತ್ತಿತ್ತು. ಮುಂಗಾಲಿನಲ್ಲಿ ಮುಳ್ಳು ಚುಚ್ಚಿ ಊದಿಕೊಂಡಿತ್ತು.

ಕಲ್ಲಿನ ಮುಖ ಹೇಳಿತು: "ಈ ಮರಿ ತಾನಾಗಿ ಮಲಗಬೇಕು, ತಾನಾಗಿ ಏಳಬೇಕು. ಅಲ್ಲಿಯ ತನಕ ನಾನು ತೆರೆಯೆನು."

ಸೋವಣ ಮುಳ್ಳು ತೆಗೆದ. ಗಾಯ ತೊಳೆದು ಪಕ್ಕದಲ್ಲಿ ಕೂತ. ಮರಿ ಅವನನ್ನು ಮೂಸಿತು, ಹಿಂದೆ ಸರಿಯಿತು, ಮತ್ತೆ ಮೂಸಿತು. ಕೊನೆಗೆ ಅವನ ತೊಡೆಯ ಮೇಲೆ ಸೊಂಡಿಲಿಟ್ಟು ಮಲಗಿತು. ಜೊತೆಗೊಬ್ಬರು ಬೇಕಾಗಿತ್ತು, ಅಷ್ಟೇ. ಇದೇನು ಸುಲಭ ಎಂದುಕೊಂಡ ಸೋವಣ.

ಸುಲಭವಾಗಿರಲಿಲ್ಲ. ಹೊತ್ತು ಹೋಯಿತು. ಮರಿ ಅಲುಗಲಿಲ್ಲ. ಕಿವಿ ಬೀಸಲಿಲ್ಲ. ಸೋವಣ ಬಗ್ಗಿ ನೋಡಿದ. ಯಾಕೆ ಇಷ್ಟು ಸುಮ್ಮನಿದೆ? ನಂಜೇರಿತೇ? ಅವನು ತಡೆಯಲಾರದೆ ಮರಿಯ ಕುತ್ತಿಗೆ ಹಿಡಿದು ಅಲುಗಿಸಿದ. ಮರಿ ಬೆಚ್ಚಿ ಎದ್ದು ಘೀಳಿಟ್ಟಿತು. ಬಾಗಿಲು ಒಂದು ಆಳು ಎತ್ತರ ಬೆಳೆಯಿತು.

ಮತ್ತೆ ಮಲಗಿಸಿದ. ಈ ಸಲ ಏನೇ ಆದರೂ ಎಬ್ಬಿಸುವುದಿಲ್ಲ ಎಂದು ಆಣೆ ಇಟ್ಟುಕೊಂಡ. ಆದರೆ ಮರಿಯ ಮುಖದ ಜಾಗದಲ್ಲಿ ಅವನಿಗೆ ನಾಗಲೆಯ ಮುಖ ಕಾಣತೊಡಗಿತು. ಆಣೆ ಗಾಳಿಗೆ ಹೋಯಿತು. ಅಲುಗಿಸಿದ. ಮರಿ ಎದ್ದು ಅತ್ತಿತು, ಬಾಗಿಲು ಇನ್ನೂ ಬೆಳೆಯಿತು. ಸೋವಣನೂ ಅತ್ತ. ನನಗೆ ಬುದ್ಧಿಯಿಲ್ಲವೇ, ಗೊತ್ತಿದ್ದೂ ಎಬ್ಬಿಸಿದೆನಲ್ಲ ಎಂದು ಹಣೆ ಚಚ್ಚಿಕೊಂಡ.

ಮೂರನೆಯ ಸಲ ಹೆದರಿಕೆ ಬಂದಾಗ ಅವನು ಮರಿಯನ್ನು ಮುಟ್ಟಲಿಲ್ಲ. ತನ್ನ ಅಂಗೈಯನ್ನು ಸೊಂಡಿಲ ತುದಿಗೆ ಹಿಡಿದ. ಬೆಚ್ಚನೆಯ ಉಸಿರು ಬಂತು. ಹೋಯಿತು. ಮತ್ತೆ ಬಂತು. ಹೆದರಿಕೆ ಬಂದಾಗಲೆಲ್ಲ ಅಂಗೈ ಹಿಡಿದ. ಹೆದರಿಕೆ ಬಿಡಲಿಲ್ಲ, ಆದರೆ ಅದನ್ನು ಹೊತ್ತುಕೊಂಡು ಕೂರಲು ಸಾಧ್ಯವಾಯಿತು. ಬಹಳ ಹೊತ್ತಿನ ಮೇಲೆ ಮರಿ ತಾನಾಗಿ ಕಣ್ಣು ತೆರೆದು, ಆಕಳಿಸಿ, ಊತ ಇಳಿದ ಕಾಲನ್ನು ನೆಲಕ್ಕೆ ಊರಿತು. ಕಲ್ಲಿನ ಬಾಗಿಲು ತೆರೆಯಿತು.

ಒಳಗೆ ತೇಪೆರಾಯ ಕೂತು ಹೊಲಿಯುತ್ತಿದ್ದ. ಒಣಗಿದ ಮೈ, ಕೆಂಪು ಕಣ್ಣು, ಕಣ್ಣ ಕೆಳಗೆ ಚೀಲ. ಮಾಯಾವಿದ್ಯೆಯ ಆಸೆಗೆ ಒಂದು ಭೂತಕ್ಕೆ ತನ್ನ ನಿದ್ದೆಯನ್ನೇ ಮಾರಿಕೊಂಡವನು ಅವನು. ವಿದ್ಯೆ ಬಂತು, ನಿದ್ದೆ ಹೋಯಿತು. ಅವನ ಮುಂದೆ ಗುಡ್ಡದಷ್ಟು ಅಗಲದ ಕೌದಿ ಹರಡಿತ್ತು. ಬಟ್ಟೆಯ ಚೂರುಗಳಲ್ಲ, ಎಲ್ಲವೂ ಮಕ್ಕಳ ನಿದ್ದೆಯ ಚೂರುಗಳು. ಒಂದು ಚೂರಿನಲ್ಲಿ ಹರಿಗೋಲು ತಿರುಗುತ್ತಿತ್ತು. ಅದು ತನ್ನ ತಂಗಿಯ ಕನಸೆಂದು ಸೋವಣನಿಗೆ ಕೂಡಲೇ ಗೊತ್ತಾಯಿತು.

"ಕಳ್ಳ! ಕೊಡು ನನ್ನ ತಂಗಿಯ ನಿದ್ದೇನ!" ಎಂದು ಅವನು ಕೌದಿಗೆ ಕೈ ಹಾಕಿದ. ಮಾಯದ ಸೂಜಿ ಸುಯ್ಯೆಂದು ಹಾರಿ ಬಂದು ಅವನ ತೋಳನ್ನು ನೆಲಕ್ಕೆ ಹೊಲಿದುಬಿಟ್ಟಿತು.

ತೇಪೆರಾಯ ನಕ್ಕ. "ಕಳ್ಳನಂತೆ! ಒಂದು ಮಗುವಿನ ಮೈಮೇಲಿಂದಾದ್ರೂ ನಾನು ನಿದ್ದೆ ಕಿತ್ತಿದೀನೇನೋ? ಹರಿದು ಎಸೆಯೋರು ನೀವು. ನಾನು ಕಸ ಗುಡಿಸೋನು. ನಿಮ್ಮ ಜಾಗಟೆ, ನಿಮ್ಮ ಪಂಜು, ನಿಮ್ಮ ಹೆಸರೇನು ಕಂದಾ! ಆಹಾ, ಎಂಥಾ ರಾಣಿ! ಅವಳಷ್ಟು ಪ್ರೀತಿ ಇರೋರು ಇನ್ನೊಬ್ಬರಿಲ್ಲ. ಅವಳ ಪ್ರೀತಿ ಇರೋ ತನಕ ನನಗೆ ಬರಗಾಲ ಇಲ್ಲ."

ಸೋವಣ ಇದನ್ನೆಲ್ಲ ಕಿಟಕಿಯಲ್ಲಿ ಕಣ್ಣಾರೆ ನೋಡಿದ್ದ, ಆದರೂ ಕಂಡಿರಲಿಲ್ಲ.

"ಇನ್ನೊಂದು ಮೂಲೆ ಉಳಿದಿದೆ," ಎಂದು ತೇಪೆರಾಯ ಕೌದಿಯ ಅಂಚು ಸವರಿದ. ಜಂಬದವರಿಗೆ ಬಾಯಿ ಕಟ್ಟುವುದು ಕಷ್ಟ. "ಇವತ್ತು ರಾತ್ರಿಯ ಬುಟ್ಟಿ ಬಂದ್ರೆ ಅದೂ ಮುಗೀತು. ಗಲ್ಲದ ತನಕ ಎಳ್ಕೊಂಡು ಮಲಗ್ತೀನಿ. ಆಮೇಲೆ ಹೊನ್ನಹೊಳಲಿನ ಮಕ್ಕಳ ನಿದ್ದೆಯೆಲ್ಲ ಎಂದೆಂದಿಗೂ ನಂದು. ದಿನಕ್ಕೊಂದು ಹೊಸ ತೇಪೆ ಬೀಳದಿದ್ರೆ ಈ ದಾರ ಸಡಿಲಾಗುತ್ತೆ, ನಿಜ. ಆದ್ರೆ ಬುಟ್ಟಿ ಖಾಲಿ ಬಂದ ದಿನ ಇದುವರೆಗೆ ಒಂದೂ ಇಲ್ಲ. ಹೋಗು, ನಿನ್ನ ರಾಣಿಗೆ ನನ್ನ ನಮಸ್ಕಾರ ಹೇಳು."

ಅವನು ಸೂಜಿ ಕಿತ್ತು, ಸೋವಣನನ್ನು ಕಾಲಿನಿಂದ ಒದ್ದು ಬಾಗಿಲಾಚೆ ತಳ್ಳಿದ. ಉರುಳುತ್ತಾ ಬಂದವನನ್ನು ಆನೆಮರಿ ತಡೆಯಿತು, ಮೊಸಳೆ ದಾಟಿಸಿತು, ಯಾಳಿ ಬೆನ್ನ ಮೇಲೆ ಹಾಕಿಕೊಂಡು ಹಾರಿತು. ರಾಜಧಾನಿಯಲ್ಲಿ ಇಳಿದಾಗ ಆರೈಕೆಮನೆಯಲ್ಲಿ ಸಂಜೆಯ ಪಂಜು ಹಚ್ಚುತ್ತಿದ್ದರು.

ನಾಗಲೆಯ ಮೈ ಕೆಂಡವಾಗಿತ್ತು. ಮಾತಿನ ಮಲ್ಲಿಗೆ ಅಣ್ಣಾ ಎನ್ನಲೂ ಶಕ್ತಿಯಿರಲಿಲ್ಲ. ಪಕ್ಕದಲ್ಲಿ ರಾಣಿ ಕಂಚಲದೇವಿಯೇ ನಿಂತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ವೈದ್ಯ ನಂಜರಸ ಸೋವಣನನ್ನು ನೋಡಿ ತಲೆಯಾಡಿಸಿದ. "ಇವತ್ತು ರಾತ್ರಿ ನಿರ್ಧಾರವಾಗುತ್ತೆ ಕಣಪ್ಪ," ಎಂದ ಮೆಲ್ಲಗೆ.

ಸೋವಣ ರಾಣಿಯ ಕಾಲಿಗೆ ಬಿದ್ದ. ಗುಡ್ಡದಲ್ಲಿ ಕಂಡದ್ದು, ಕೇಳಿದ್ದು ಎಲ್ಲವನ್ನೂ ಹೇಳಿ, "ತಾಯೀ, ಇವತ್ತೊಂದು ರಾತ್ರಿ ಯಾರನ್ನೂ ಎಬ್ಬಿಸಬೇಡಿ," ಎಂದು ಬೇಡಿಕೊಂಡ.

ರಾಣಿಯ ಮುಖ ಬಿಳಿಚಿಕೊಂಡಿತು. "ಆಗಲ್ಲ," ಎಂದಳು. "ನನ್ನ ಮಗನೂ ಹೀಗೇ ಮಲಗಿದ್ದ. ಎಬ್ಬಿಸಬೇಡಿ, ಪಾಪ ಮಲಗಲಿ ಅಂತ ಹೇಳಿದ್ದು ಬೇರೆ ಯಾರೂ ಅಲ್ಲಪ್ಪ. ನಾನೇ."

ಈ ಮಾತನ್ನು ರಾಣಿ ಅದುವರೆಗೆ ಯಾರ ಬಳಿಯೂ ಹೇಳಿರಲಿಲ್ಲ.

ಸೋವಣ ವಾದ ಮಾಡಲಿಲ್ಲ. "ನಾನೂ ಎಬ್ಬಿಸಿದೆ ತಾಯೀ," ಎಂದ. "ಆ ಆನೆಮರೀನ. ಆಣೆ ಇಟ್ಕೊಂಡ ಮೇಲೂ ಎಬ್ಬಿಸಿದೆ. ಹೆದರಿಕೆ ತಡೀಲಿಲ್ಲ. ಆಮೇಲೆ ಅಂಗೈಗೆ ಉಸಿರು ತಾಗಿಸ್ಕೊಂಡು ಕೂತೆ. ನಾನು ಎಚ್ಚರವಾಗಿದ್ದೆ, ಅದು ಮಲಗಿತ್ತು. ಎಚ್ಚರ ಇರಬೇಕಾದೋರು ನಾವು ತಾಯೀ. ಮಕ್ಕಳಲ್ಲ."

ರಾಣಿ ನಂಜರಸನತ್ತ ತಿರುಗಿದಳು. "ಹೌದೇ ವೈದ್ಯರೇ? ಮಲಗಿರೋ ಮಗುವಿನ ಜೀವ ಎಬ್ಬಿಸದೆ ಕಾಯೋಕಾಗುತ್ತಾ?"

"ಆಗುತ್ತೆ," ಎಂದ ನಂಜರಸ. "ಉಸಿರು ನೋಡಬಹುದು, ಮೆಲ್ಲಗೆ ನಾಡಿ ನೋಡಬಹುದು. ಕಷಾಯವನ್ನು ಮಲಗೋ ಮುಂಚೆ ಒಂದು ಸಲ, ಎದ್ದ ಮೇಲೆ ಒಂದು ಸಲ ಕೊಟ್ರೆ ಸಾಕು. ಎಬ್ಬಿಸಲೇಬೇಕಾದ ಮಗುವೂ ಒಮ್ಮೊಮ್ಮೆ ಇರುತ್ತೆ. ಅದನ್ನ ನಾವು ನೋಡಿ ತಿಳ್ಕೋಬೇಕು. ಎಲ್ಲರನ್ನೂ ಎಬ್ಬಿಸಬೇಕಿಲ್ಲ. ಹಿಂದೊಮ್ಮೆ ಇದನ್ನೇ ಹೇಳೋಕೆ ಬಂದೆ. ನೀವು ಅತ್ತಿರಿ. ಆಮೇಲೆ ನನಗೆ ಬಾಯಿ ಬರಲಿಲ್ಲ."

ರಾಣಿ ತನ್ನ ಕೈಯಾರೆ ಹತ್ತಿರದ ಪಂಜನ್ನು ಆರಿಸಿದಳು. "ಒಂದು ರಾತ್ರಿ," ಎಂದಳು. "ಈ ಮಗುವಿನ ಹತ್ತಿರ ನಾನೇ ಕೂರ್ತೀನಿ."

ಪಂಜುಗಳೆಲ್ಲ ಆರಿದವು. ಕಾವಲಿನವರಿಗೆ ದಾರಿ ಕಾಣಲೆಂದು ಮೂಲೆಯಲ್ಲಿ ಒಂದು ಹಣತೆ ಮಾತ್ರ, ಅದಕ್ಕೂ ಮಡಕೆಯ ಮರೆ. ಜಾಗಟೆಗೆ ಕಂಬಳಿ ಸುತ್ತಿದರು. ಹೆಬ್ಬಾಗಿಲು ತೆರೆದು ಅರಳಿಕಟ್ಟೆಯ ತಾಯಂದಿರನ್ನು ಒಳಗೆ ಕರೆದರು. ಅವರು ಓಡಿ ಬರಲಿಲ್ಲ. ಬಳೆ ಸದ್ದಾದೀತೆಂದು ಬಳೆಗಳನ್ನು ಮೊಣಕೈಗೆ ಏರಿಸಿಕೊಂಡು ಮೆಲ್ಲಗೆ ಬಂದರು. ತಾಯಿಯಿಲ್ಲದ ಮಕ್ಕಳ ಬಳಿ ಕಾವಲಿನ ಹೆಂಗಸರೇ ಕೂತರು. ಸೋವಣ ತಂಗಿಯ ಕಾಲ ಬಳಿ ಕೂತ, ರಾಣಿ ತಲೆಯ ಬಳಿ.

ಸೂರಿನಿಂದ ನಿದ್ದೆ ಇಳಿಯಿತು. ಅದಕ್ಕೂ ಅನುಮಾನವಿದ್ದಿರಬೇಕು, ತಡೆದು ತಡೆದು ಇಳಿಯಿತು. ಮೊಣಕಾಲಿಗೆ ಬಂತು, ಎದೆಗೆ ಬಂತು, ಕುತ್ತಿಗೆಗೆ ಬಂತು. ಮಕ್ಕಳು ಒಬ್ಬೊಬ್ಬರಾಗಿ ಮಲಗಿದರು. ಮೊದಲ ಜಾವ ಕಳೆಯಿತು. ಹೆಗ್ಗಣಗಳು ಬಂದು ಮಂಚಗಳ ಕೆಳಗೆಲ್ಲ ಮೂಸಿ ಖಾಲಿ ಬುಟ್ಟಿ ಹೊತ್ತು ಹೋದವು. ಎರಡನೆಯ ಜಾವದಲ್ಲಿ ಮತ್ತೆ ಬಂದವು, ಮತ್ತೆ ಖಾಲಿ ಹೋದವು. ಮೂರನೆಯ ಜಾವಕ್ಕೆ ತೇಪೆರಾಯನೇ ಬಂದ. ಕಾವಲಿನ ಹೆಂಗಸಿನ ವೇಷ ಹಾಕಿ, ರಾಣಿಯ ಬೆನ್ನ ಹಿಂದೆ ನಿಂತು ಪಿಸುಗುಟ್ಟಿದ:

"ಅಯ್ಯೋ ತಾಯೀ, ಈ ಮಗು ಉಸಿರಾಡ್ತಾ ಇಲ್ಲ! ಆವತ್ತೂ ಹೀಗೇ ಅಲ್ವೇ ಆಗಿದ್ದು? ಎಬ್ಬಿಸಿ, ಬೇಗ ಎಬ್ಬಿಸಿ!"

ರಾಣಿಯ ಎರಡೂ ಕೈ ತಾವಾಗಿ ಮೇಲೆದ್ದವು. ನಾಗಲೆಯ ಭುಜಕ್ಕೆ ಇನ್ನೊಂದು ಬೆರಳಿನಷ್ಟು ದೂರವಿತ್ತು. ಸೋವಣನಿಗೆ ಕೂಗಬೇಕೆನಿಸಿತು, ಆದರೆ ಕೂಗಿದರೆ ಎಲ್ಲ ಮಕ್ಕಳೂ ಎದ್ದಾರು. ಅವನು ಉಸಿರು ಬಿಗಿಹಿಡಿದು ರಾಣಿಯ ಮುಖವನ್ನೇ ನೋಡಿದ. ಆ ಮುಖದ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು. ಎತ್ತಿದ ಕೈಯನ್ನು ರಾಣಿ ಭುಜಕ್ಕೆ ಇಡಲಿಲ್ಲ. ತಿರುಗಿಸಿ, ಅಂಗೈಯನ್ನು ಮಗುವಿನ ಮೂಗಿನ ಬಳಿ ಹಿಡಿದಳು.

ಬೆಚ್ಚಗೆ ಬಂತು. ಹೋಯಿತು. ಮತ್ತೆ ಬಂತು.

"ಇದೆ," ಎಂದಳು ರಾಣಿ, ತುಟಿಯಲ್ಲೇ. ಹಿಂತಿರುಗಿ ನೋಡಲೂ ಇಲ್ಲ.

ಅಷ್ಟೇ. ಗುಡ್ಡದ ಮೇಲೆ ದಾರ ಸಡಿಲಾಯಿತು. ಕೌದಿಯ ಹೊಲಿಗೆ ಒಂದೊಂದಾಗಿ ಬಿಚ್ಚಿತು, ಚೂರುಗಳು ಹಕ್ಕಿಗಳ ಹಿಂಡಿನಂತೆ ಹಾರಿ ಹೊನ್ನಹೊಳಲಿನ ಕಡೆ ಬಂದವು, ತಂತಮ್ಮ ಮಕ್ಕಳನ್ನು ಹುಡುಕಿಕೊಂಡು ಮೈಮೇಲೆ ಕೂತವು. ಹೆಗ್ಗಣಗಳು ಬರೀ ಹೆಗ್ಗಣಗಳಾಗಿ ತೂಬಿನಲ್ಲಿ ಓಡಿದವು. ತೇಪೆರಾಯನ ಮಂತ್ರವೆಲ್ಲ ಆವಿಯಾಯಿತು. ವಿದ್ಯೆ ಹೋದ ಮೇಲೆ ಅದಕ್ಕೆ ತೆತ್ತ ನಿದ್ದೆ ಇಟ್ಟುಕೊಂಡು ಭೂತ ತಾನೇ ಏನು ಮಾಡೀತು? ತಂದು ಅವನ ಮುಖಕ್ಕೆ ಎಸೆಯಿತು. ಮಾಯಾವಿ ನಿಂತಲ್ಲೇ ಆಕಳಿಸಿ, ಗೋಡೆಗೆ ಒರಗಿ, ಬಾಯಿ ತೆರೆದುಕೊಂಡು ಮಲಗಿಬಿಟ್ಟ. ವೇಷ ಕಳಚಿ ನೋಡಿದರೆ ಬಡಕಲು ಮುದುಕ. ಕಾವಲಿನ ಹೆಂಗಸೊಬ್ಬಳು ಮೊದಲು ಹೆದರಿ, ಆಮೇಲೆ ಮರುಕಪಟ್ಟು, ಅವನಿಗೂ ಒಂದು ಕಂಬಳಿ ಹೊದಿಸಿದಳು.

ಬೆಳಗಾಯಿತು. ಮಕ್ಕಳು ಒಬ್ಬೊಬ್ಬರೇ ಎದ್ದು ತಾಯಂದಿರ ಕುತ್ತಿಗೆಗೆ ಜೋತುಬಿದ್ದರು. ನಾಗಲೆ ಏಳಲಿಲ್ಲ. ಬಿಸಿಲು ಹೊಸ್ತಿಲಿಗೆ ಬಂತು, ಮಂಚಕ್ಕೆ ಬಂತು. ನಾಗಲೆ ಇನ್ನೂ ಏಳಲಿಲ್ಲ. ರಾಣಿ ಅಂಗೈ ಹಿಡಿದೇ ಕೂತಿದ್ದಳು. ಒಮ್ಮೆಯೂ ಅಲುಗಿಸಲಿಲ್ಲ. ಅವಳಿಗೆ ಆ ಬೆಳಗು ಎಷ್ಟು ಉದ್ದವಾಗಿ ಕಂಡಿತೋ ಅವಳೇ ಬಲ್ಲಳು.

ಹೊತ್ತು ನೆತ್ತಿಗೆ ಬರುವ ಹೊತ್ತಿಗೆ ಹುಡುಗಿ ಮೈ ಮುರಿದು ಕಣ್ಣು ಬಿಟ್ಟಳು. ಹಣೆಯ ಮೇಲೆ ಬೆವರು ಮೂಡಿತ್ತು. ಜ್ವರ ಇಳಿದಿತ್ತು.

"ಅಣ್ಣಾ, ಹಸಿವು," ಎಂದಳು. "ರೊಟ್ಟಿ ಬೇಕು. ಬೆಣ್ಣೇನೂ ಬೇಕು. ಮತ್ತೆ ಉಪ್ಪಿನಕಾಯಿ. ಈ ಅಮ್ಮ ಯಾಕೆ ಅಳ್ತಿದಾರೆ?"

ರಾಣಿ ಅಳುತ್ತಲೇ ನಕ್ಕಳು, ನಗುತ್ತಲೇ ನಾಗಲೆಯ ಮಂಚದ ಅಂಚಿಗೆ ತಲೆಯೊರಗಿಸಿದಳು. ಒರಗಿಸಿದ ತಲೆ ಮತ್ತೆ ಏಳಲಿಲ್ಲ. ಮಗ ಹೋದ ರಾತ್ರಿಯಿಂದ ರಾಣಿ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ನಡು ಹಗಲಿನಲ್ಲಿ, ಬಿಸಿಲಿನಲ್ಲೇ, ಸೂರಿನಿಂದ ಬೆಳದಿಂಗಳ ಬಣ್ಣದ ಬಟ್ಟೆಯೊಂದು ಇಳಿದು ಬಂದು ಅವಳನ್ನು ಹೊದಿಸಿತು.

ಅಷ್ಟರಲ್ಲಿ ಮಂತ್ರಿ ದಾಪುಗಾಲು ಹಾಕಿಕೊಂಡು ಬಂದ. "ಮಹಾರಾಣಿಯವರೇ, ದರ್ಬಾರು ಕಾದಿದೆ, ದೂತರು ಕಾದಿದ್ದಾರೆ," ಎಂದು ಬಾಯಿ ತೆರೆಯುವಷ್ಟರಲ್ಲಿ ನಾಗಲೆ ತುಟಿಯ ಮೇಲೆ ಬೆರಳಿಟ್ಟು "ಶ್" ಎಂದಳು. ಆಮೇಲೆ ಮೆಲ್ಲಗೆ ಬಾಗಿ, ತನ್ನ ಪುಟ್ಟ ಅಂಗೈಯನ್ನು ರಾಣಿಯ ಮೂಗಿನ ಬಳಿ ಹಿಡಿದು ನೋಡಿ, ಮಂತ್ರಿಗೆ ತಲೆಯಾಡಿಸಿದಳು. ಮಂತ್ರಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಹೊರಗೆ ಹೋದ. ಅಂದು ದರ್ಬಾರು ನಡೆಯಲಿಲ್ಲ.

ನಾಗಲೆಯ ಕಾಲು ಕೂಡಿತು, ಅವಳು ಮತ್ತೆ ಮರ ಹತ್ತಿದಳು, ಬೈಸಿಕೊಂಡಳು. ಸೋವಣ ಹರಿಗೋಲು ನಡೆಸಿದ. ಹೊನ್ನಹೊಳಲಿನಲ್ಲಿ ಕಾಯಿಲೆ ಬಿದ್ದ ಮಕ್ಕಳು ರಾತ್ರಿ ಮಲಗುತ್ತಾರೆ, ದೊಡ್ಡವರು ಎಚ್ಚರವಾಗಿರುತ್ತಾರೆ, ಎಲ್ಲರೂ ಚೆನ್ನಾಗಿದ್ದಾರೆ. ಹೇಳಿದ ನನಗೆ ಆಕಳಿಕೆ ಬಂತು, ಕೇಳಿದ ನೀವು ದೀಪ ಸಣ್ಣ ಮಾಡಿ.